ಒಂದೇ ಲೋಟದ ನೀರು, ಮೂರು ಸಲ ಅಳೆದರೆ ಮೂರು ಕೆಎಚ್: ತಪ್ಪು ಎಲ್ಲಿದೆ?

ಸಿಗಡಿಮನೆ
ಎಲ್ಲರಿಗೂ ನಮಸ್ಕಾರ. ಮನೆ ಬೆಂಗಳೂರಿನಲ್ಲಿ, ಅಪಾರ್ಟ್‌ಮೆಂಟ್. 120 ಲೀಟರಿನ ಗಿಡಗಳ ತೊಟ್ಟಿ, ಅದರಲ್ಲಿ ಹನ್ನೆರಡು ನಿಯಾನ್ ಟೆಟ್ರಾ ಮತ್ತು ಮೂವತ್ತರಷ್ಟು ಕೆಂಪು ಚೆರ್ರಿ ಸಿಗಡಿಗಳಿವೆ. ಕಳೆದ ತಿಂಗಳು ನಾಲ್ಕು ಸಿಗಡಿಗಳು ಚಿಪ್ಪು ಕಳಚುವಾಗ ಸತ್ತವು. ಪಿಎಚ್ ಒಂದು ವಾರ 6.6, ಇನ್ನೊಂದು ವಾರ 7.4. ಕ್ಷಾರೀಯತೆ (ಆಮ್ಲವನ್ನು ತಡೆದು ಪಿಎಚ್ ಕುಸಿಯದಂತೆ ಹಿಡಿದಿಡುವ ನೀರಿನ ಶಕ್ತಿ, ಮೀನು ಸಾಕುವವರ ಮಾತಿನಲ್ಲಿ ಕೆಎಚ್) ಅಳೆಯಿರಿ ಎಂದು ಗೆಳೆಯರು ಹೇಳಿದ್ದರಿಂದ ಹನಿ ಹಾಕುವ ಕೆಎಚ್ ಕಿಟ್ ತೆಗೆದು ಕೂತೆ. 5 ಮಿ.ಲೀ. ನೀರು, ಒಂದು ಹನಿಗೆ ಕೆಎಚ್‌ನ ಒಂದು ಡಿಗ್ರಿ, ನೀಲಿ ಹೋಗಿ ಹಳದಿ ಬಂದರೆ ನಿಲ್ಲಿಸಬೇಕು.

ತೊಟ್ಟಿಯಿಂದ ಒಂದು ಲೋಟ ನೀರು ತೆಗೆದಿಟ್ಟುಕೊಂಡು ಅದರಿಂದಲೇ ಮೂರು ಸಲ ಅಳೆದೆ. ಮೊದಲು 4 ಹನಿ, ಆಮೇಲೆ 6, ಮತ್ತೆ 5. ಅಂಗಡಿಯವರು ಬಣ್ಣ ತಿರುಗುವ ಪರೀಕ್ಷಾ ಪಟ್ಟಿ ಅದ್ದಿ ನೋಡಿ 3 ಎಂದರು. ನಾನು ಯಾವುದನ್ನು ನಂಬಲಿ? ಕಿಟ್ ಕೆಟ್ಟಿದೆಯೇ, ಅಳೆಯುವ ನನ್ನ ಕೈ ಕೆಟ್ಟದೇ?

ನೀಲಿಗಾಜು
ಬಾಟಲಿ ತೆರೆದು ಎಷ್ಟು ತಿಂಗಳಾಯಿತು? ಮೊದಲು ಅದನ್ನು ಹೇಳಿ.

ಪಾಚಿಗಾರ
ಪಟ್ಟಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಅದರ ಡಬ್ಬಿಯ ಮೇಲೆ 3ರ ಬಣ್ಣ ಇರುತ್ತದೆ, ಮುಂದಿನದು ನೇರವಾಗಿ 6ರ ಬಣ್ಣ. ನಿಮ್ಮ ನೀರು ಇವೆರಡರ ನಡುವೆ ಇದ್ದರೆ ನೋಡುವವರ ಕಣ್ಣೇ ತೀರ್ಪು ಕೊಡುತ್ತದೆ. ಡಬ್ಬಿಗೆ ಒಮ್ಮೆ ತೇವ ಹೊಕ್ಕರೆ ಅದೂ ಇಲ್ಲ.

ಹಳೇ ಬ್ಯುರೆಟ್
ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಟೈಟ್ರೇಷನ್ (ಬಣ್ಣ ತಿರುಗುವ ತನಕ ದ್ರಾವಣ ಸುರಿದು ಅಳೆಯುವುದು) ಮಾಡಿಸಿದವನು ನಾನು. ನಿಮ್ಮ ಕಿಟ್‌ನಲ್ಲಿ ನಡೆಯುವುದೂ ಅದೇ. ಹನಿಯಲ್ಲಿರುವುದು ತೆಳು ಆಮ್ಲ ಮತ್ತು ಸೂಚಕ. ಆಮ್ಲವು ನೀರಿನ ಬೈಕಾರ್ಬನೇಟನ್ನು ತಿನ್ನುತ್ತಾ ಹೋಗುತ್ತದೆ. ಅದು ಮುಗಿದ ಕ್ಷಣದಲ್ಲಿ ಪಿಎಚ್ 4.5ರ ಆಸುಪಾಸಿಗೆ ಕುಸಿದು ಬಣ್ಣ ತಿರುಗುತ್ತದೆ. ನಾವು ಬ್ಯುರೆಟ್ ಎಂಬ ಗೆರೆ ಹಾಕಿದ ಗಾಜಿನ ಕೊಳವೆಯಿಂದ ಮಿ.ಲೀ. ಓದುತ್ತಿದ್ದೆವು, ನೀವು ಹನಿ ಎಣಿಸುತ್ತೀರಿ. ವ್ಯತ್ಯಾಸ ಅಷ್ಟೇ. ಆದರೆ ಬ್ಯುರೆಟ್‌ಗೆ ಗೆರೆಗಳಿವೆ, ಹನಿಗೆ ಗೆರೆ ಇಲ್ಲ. ಬಾಟಲಿಯನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿದರೆ ಒಂದು ಗಾತ್ರದ ಹನಿ, ಓರೆಯಾಗಿ ಹಿಡಿದರೆ ಇನ್ನೊಂದು ಗಾತ್ರದ ಹನಿ. ಮೂತಿಯ ಹೊರಭಾಗ ಒದ್ದೆಯಾಗಿದ್ದರೆ ಹನಿ ಅಲ್ಲಿಗೆ ಹರಡಿ ದಪ್ಪವಾಗುತ್ತದೆ. ಗಾಳಿಗುಳ್ಳೆ ಸೇರಿದ ಹನಿ ಅರ್ಧ ಹನಿಯೂ ಆಗಿರಬಹುದು. ಆದ್ದರಿಂದ ಮೂತಿ ಒರೆಸಿ, ಮೊದಲ ಒಂದೆರಡು ಹನಿಗಳನ್ನು ಹೊರಗೆ ಬಿಟ್ಟು, ಆಮೇಲೆ ಎಣಿಕೆ ಆರಂಭಿಸಿ.

ನೀರಿನ ಅಳತೆಯಲ್ಲೂ ಇಷ್ಟೇ ತಪ್ಪು ನುಸುಳುತ್ತದೆ. ಆ ಚಿಕ್ಕ ನಳಿಕೆಯ 5ರ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ನೀರಿನ ಮೇಲ್ಮೈ ಬಾಗಿರುವ ತಳವನ್ನು ನೋಡಬೇಕು. ಮೇಲಿನಿಂದ ಬಗ್ಗಿ ನೋಡಿದರೆ ಕಾಲು ಮಿ.ಲೀ. ತಪ್ಪುವುದು ಸುಲಭ, ಅಂದರೆ ಶೇ 5. ನಳಿಕೆಯ ಗೆರೆಯನ್ನು ಬಿಟ್ಟು ಔಷಧಿ ಅಂಗಡಿಯ 5 ಮಿ.ಲೀ. ಸಿರಿಂಜ್ ಬಳಸಿ.

ಮತ್ತೊಂದು ಮಾತು. 5 ಮಿ.ಲೀ. ಬದಲು 10 ಮಿ.ಲೀ. ನೀರು ತೆಗೆದುಕೊಂಡರೆ ಒಂದು ಹನಿ ಅರ್ಧ ಡಿಗ್ರಿಯಾಗುತ್ತದೆ, 20 ಮಿ.ಲೀ. ತೆಗೆದುಕೊಂಡರೆ ಕಾಲು ಡಿಗ್ರಿ. ಖರ್ಚಾಗುವುದು ನಾಲ್ಕು ಹನಿ ಹೆಚ್ಚು, ಸಿಗುವುದು ನಾಲ್ಕು ಪಟ್ಟು ಸೂಕ್ಷ್ಮತೆ ಎಂದು ಮಕ್ಕಳು ಬರೆಯುತ್ತಿದ್ದರು. ಅದು ತಪ್ಪು, ಹನಿಗಳೂ ನಾಲ್ಕು ಪಟ್ಟು ಬೇಕು. ಆದರೂ ಮಾಡಿ.

ಸಿಗಡಿಮನೆ
ತುಂಬ ಧನ್ಯವಾದಗಳು ಮೇಷ್ಟ್ರೇ. ಬಾಟಲಿಯನ್ನು ಪೆನ್ನು ಹಿಡಿದಂತೆ ಓರೆಯಾಗಿಯೇ ಹಿಡಿಯುತ್ತಿದ್ದೆ. ನೀಲಿಗಾಜು ಅವರಿಗೆ ಉತ್ತರ: ತೆರೆದು ಎರಡು ವರ್ಷ ಆಗಿರಬಹುದು. ಇಟ್ಟಿದ್ದು ತೊಟ್ಟಿಯ ಮುಚ್ಚಳದ ಮೇಲೆ, ದೀಪದ ಪಕ್ಕ. ಅಲ್ಲಿ ಸದಾ ಬಿಸಿ ಇರುತ್ತದೆ.

ನೀಲಿಗಾಜು
ಹಾಗಾದರೆ ಕಿಟ್ ಎಸೆಯಿರಿ.

ಹಳೇ ಬ್ಯುರೆಟ್
ಎಸೆಯಬೇಡಿ, ಪರೀಕ್ಷಿಸಿ. ಬಿಸಿಯಲ್ಲಿಟ್ಟ ಬಾಟಲಿಯಿಂದ ನೀರು ಆವಿಯಾಗಿ ಆಮ್ಲ ಗಟ್ಟಿಯಾಗಿರಬಹುದು. ಆಗ ಕಡಿಮೆ ಹನಿಗೇ ಬಣ್ಣ ತಿರುಗುತ್ತದೆ, ಇದ್ದುದಕ್ಕಿಂತ ಕಡಿಮೆ ಕೆಎಚ್ ತೋರುತ್ತದೆ. ಎಷ್ಟು ಕಡಿಮೆ ಎಂದು ಗೊತ್ತಾದರೆ ಅದೇ ಬಾಟಲಿಯಿಂದ ಇನ್ನೂ ಆರು ತಿಂಗಳು ಕೆಲಸ ತೆಗೆಯಬಹುದು.

ಗಪ್ಪಿಗಳ ಬೀದಿ
ಹದಿನೈದು ವರ್ಷಗಳಿಂದ ಗಪ್ಪಿ ಸಾಕುತ್ತಿದ್ದೇನೆ. ಒಂದು ದಿನವೂ ಅರ್ಧ ಡಿಗ್ರಿಗಾಗಿ ತಲೆ ಕೆಡಿಸಿಕೊಂಡಿಲ್ಲ. ನಮ್ಮ ಬೋರ್‌ವೆಲ್ ನೀರಿನಲ್ಲಿ 15 ಬಂದರೂ ಅಷ್ಟೇ, 17 ಬಂದರೂ ಅಷ್ಟೇ. ಮೀನು ಚೆನ್ನಾಗಿ ತಿನ್ನುತ್ತಿದೆಯೇ, ಮರಿ ಹಾಕುತ್ತಿದೆಯೇ ನೋಡಿ. ಸಂಖ್ಯೆಯ ಹಿಂದೆ ಓಡಿದರೆ ತೊಟ್ಟಿ ನೋಡುವ ಸಂತೋಷವೇ ಹೋಗುತ್ತದೆ.

ತುಂಗೆಯ ದಡ
ನಿಮ್ಮದು 15ರ ಮಾತು, ನಮ್ಮದು 1ರ ಮಾತು. ತೀರ್ಥಹಳ್ಳಿಯ ಕಡೆ ನಮ್ಮ ಬಾವಿಯ ನೀರಿಗೆ ಮಳೆಗಾಲದಲ್ಲಿ ಮೊದಲ ಹನಿಗೇ ಹಳದಿ ಬರುತ್ತದೆ. ಅದು 1 ಡಿಗ್ರಿಯೋ ಕಾಲು ಡಿಗ್ರಿಯೋ ಎನ್ನುವುದರ ಮೇಲೆ ನನ್ನ ಮೀನುಗಳ ಜೀವ ನಿಂತಿದೆ. ಮೀನಿನ ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಲೀಟರಿಗೆ 50 ಮಿ.ಗ್ರಾಂ ನೈಟ್ರೇಟ್ ಕೂಡಿಕೊಳ್ಳುವಷ್ಟರಲ್ಲಿ ಸುಮಾರು 2.3 ಡಿಗ್ರಿ ಕ್ಷಾರೀಯತೆ ಕರಗಿರುತ್ತದೆ. ನಿಮಗೆ 15ರಿಂದ 12.7ಕ್ಕೆ ಇಳಿದರೆ ಗೊತ್ತೂ ಆಗುವುದಿಲ್ಲ. ನನಗೆ ಇಳಿಯಲು ಏನೂ ಉಳಿದಿರುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಪಿಎಚ್ 5ಕ್ಕೆ ಬಿದ್ದು ಹನ್ನೊಂದು ಮೀನುಗಳು ತೇಲುತ್ತಿದ್ದವು. ಅಂದಿನಿಂದ 20 ಮಿ.ಲೀ. ನೀರಿಲ್ಲದೆ ನಾನು ಅಳೆಯುವುದಿಲ್ಲ.

ಗಪ್ಪಿಗಳ ಬೀದಿ
ಇದನ್ನು ನಾನು ಯೋಚಿಸಿರಲಿಲ್ಲ. ಮೆದು ನೀರಿನವರ ಕಷ್ಟ ಬೇರೆ, ಒಪ್ಪಿದೆ.

ಎಲೆಕಷಾಯ
ತುಂಗೆಯ ದಡ ಅವರೇ, ನೀವು ಕಾಡುಬಾದಾಮಿ ಎಲೆ ಹಾಕುತ್ತೀರಾ? ನನ್ನ ತೊಟ್ಟಿಯ ನೀರು ಚಹಾದ ಬಣ್ಣಕ್ಕೆ ತಿರುಗಿದೆ. ಹನಿ ಹಾಕುವ ಮೊದಲೇ ನೀರು ಹಳದಿ. ನೀಲಿ ಎಲ್ಲಿ ಮುಗಿಯಿತು ಎಂದು ಹೇಗೆ ತಿಳಿಯುವುದು?

ತುಂಗೆಯ ದಡ
ಹಾಕುತ್ತೇನೆ. ಪಕ್ಕದಲ್ಲಿ ಇನ್ನೊಂದು ನಳಿಕೆಯಲ್ಲಿ ಅದೇ ನೀರನ್ನು ಹನಿ ಹಾಕದೆ ಇಟ್ಟುಕೊಳ್ಳಿ. ಎರಡರ ಹಿಂದೆಯೂ ಬಿಳಿ ಹಾಳೆ. ಹನಿ ಬಿದ್ದ ಮೇಲೆ ಬಣ್ಣ ಬದಲಾಗುವುದು ನಿಂತುಹೋಗುವ ತನಕ ನೋಡಿ. ಅಳೆದ ನಳಿಕೆಯನ್ನು ಹನಿ ಹಾಕದ ನಳಿಕೆಯ ಪಕ್ಕಕ್ಕಿಟ್ಟು ಅದಕ್ಕೆ ಇನ್ನೊಂದು ಹನಿ ಹಾಕಿದಾಗ ಬಣ್ಣ ಸ್ವಲ್ಪವೂ ಬದಲಾಗದಿದ್ದರೆ ಹಿಂದಿನ ಹನಿಯೇ ಕೊನೆಯದು.

ಹಳೇ ಬ್ಯುರೆಟ್
ಚೆನ್ನಾಗಿ ಹೇಳಿದಿರಿ. ಒಂದು ಸೇರಿಸುತ್ತೇನೆ: ಎಲೆಯಿಂದ ಬಿಟ್ಟ ಆಮ್ಲಗಳ ಲವಣಗಳೂ ಸ್ವಲ್ಪ ಹನಿ ನುಂಗುತ್ತವೆ. ಫಾಸ್ಫೇಟ್ ಇರುವ ಪಿಎಚ್ ಪುಡಿ ಹಾಕಿದ್ದರೂ ಹಾಗೆಯೇ. ಕಿಟ್ ಅಳೆಯುವುದು ಒಟ್ಟು ಕ್ಷಾರೀಯತೆಯನ್ನು, ಕಾರ್ಬನೇಟನ್ನು ಮಾತ್ರ ಅಲ್ಲ. ಅಂಥ ನೀರಿನಲ್ಲಿ ಪಿಎಚ್ ಮತ್ತು ಕೆಎಚ್ ಸೇರಿಸಿ ಇಂಗಾಲದ ಡೈಆಕ್ಸೈಡ್ ಲೆಕ್ಕ ಹಾಕುವ ಕೋಷ್ಟಕ ಸುಳ್ಳು ಹೇಳುತ್ತದೆ.

ಜಲಪಾಠ
ಮೂಲ ಪ್ರಶ್ನೆಗೆ ಬರೋಣ. ಕಿಟ್ ಸರಿಯೋ ತಪ್ಪೋ ತಿಳಿಯಲು ಕೆಎಚ್ ಮೊದಲೇ ಗೊತ್ತಿರುವ ನೀರು ಬೇಕು. ಅದನ್ನು ಅಡುಗೆಮನೆಯಲ್ಲೇ ಮಾಡಬಹುದು.

3 ಗ್ರಾಂ ಅಡುಗೆ ಸೋಡಾವನ್ನು 1 ಲೀಟರ್ ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿದರೆ 100 ಡಿಗ್ರಿಯ ದ್ರಾವಣ. ಅದರ 10 ಮಿ.ಲೀ.ಗೆ 90 ಮಿ.ಲೀ. ಡಿಸ್ಟಿಲ್ಡ್ ವಾಟರ್ ಸೇರಿಸಿದರೆ 10 ಡಿಗ್ರಿ. ನೇರವಾಗಿ 0.3 ಗ್ರಾಂ ತೂಗಿ ಲೀಟರಿಗೆ ಹಾಕಬಹುದಲ್ಲ ಎನ್ನಬೇಡಿ. 0.01 ಗ್ರಾಂ ತೋರಿಸುವ ಜೇಬಿನ ತಕ್ಕಡಿ 0.3ರಲ್ಲಿ 0.01 ತಪ್ಪಿದರೆ ಶೇ 3 ತಪ್ಪು, 3 ಗ್ರಾಂನಲ್ಲಿ ಅದೇ ತಪ್ಪು ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಗಟ್ಟಿ ದ್ರಾವಣ ಮಾಡಿ ತೆಳುಗೊಳಿಸುವುದು.

ಮೊದಲು ಬರೀ ಡಿಸ್ಟಿಲ್ಡ್ ವಾಟರ್ ಅಳೆಯಿರಿ. ಮೊದಲ ಹನಿಗೇ ಹಳದಿ ಬರಬೇಕು. ಬರದಿದ್ದರೆ ನೀರು ಶುದ್ಧವಿಲ್ಲ ಅಥವಾ ನಳಿಕೆ ತೊಳೆದಿಲ್ಲ. ಮನೆಯ ಆರ್‌ಒ ನೀರು ಇದಕ್ಕೆ ಆಗುವುದಿಲ್ಲ, ಅದರಲ್ಲಿ ಸ್ವಲ್ಪ ಕ್ಷಾರೀಯತೆ ಉಳಿದೇ ಇರುತ್ತದೆ. ಅದರಲ್ಲೂ ಖನಿಜ ಮತ್ತೆ ಸೇರಿಸುವ ಯಂತ್ರವಾದರೆ ಇನ್ನೂ ಹೆಚ್ಚು.

ಕಲ್ಲುಸಕ್ಕರೆ
ನಾನು ಇದನ್ನು ಹೋದ ವರ್ಷ ಮಾಡಿದ್ದೆ. 10 ಬರಬೇಕಾದಲ್ಲಿ 3 ಬಂತು! ಎರಡು ದಿನ ಕಿಟ್ ಮೇಲೆ ಸಿಟ್ಟು ಮಾಡಿಕೊಂಡೆ. ಕೊನೆಗೆ ಅತ್ತೆ ಡಬ್ಬಿ ನೋಡಿ ಹೇಳಿದರು, ಅದು ಕೇಕಿಗೆ ಹಾಕುವ ಬೇಕಿಂಗ್ ಪೌಡರ್ ಎಂದು. ಅದರಲ್ಲಿ ಸೋಡಾದ ಜೊತೆಗೆ ಆಮ್ಲದ ಪುಡಿಯೂ ಜೋಳದ ಪಿಷ್ಟವೂ ಇರುತ್ತವಂತೆ. ನೀರಿಗೆ ಹಾಕಿದಾಗ ಬುಸ್ಸೆಂದು ನೊರೆ ಬಂದಿತ್ತು, ಆಗಲೇ ಗೊತ್ತಾಗಬೇಕಿತ್ತು. ದಯವಿಟ್ಟು ಡಬ್ಬಿಯ ಮೇಲೆ ಓದಿ ತೆಗೆದುಕೊಳ್ಳಿ. ವಾಷಿಂಗ್ ಸೋಡಾ ಕೂಡ ಬೇರೆಯೇ.

ಪಾಚಿಗಾರ
ಜೇಬಿನ ತಕ್ಕಡಿಯನ್ನೇ ಹೇಗೆ ನಂಬುವುದು? ನಾನು ಐದು ರೂಪಾಯಿ ನಾಣ್ಯ ಇಟ್ಟು ನೋಡುತ್ತೇನೆ, 6 ಗ್ರಾಂ ತೋರಿಸಬೇಕು.

ಕಲ್ಲುಸಕ್ಕರೆ
ನನ್ನದು 6.74 ತೋರಿಸುತ್ತಿದೆ. ತಕ್ಕಡಿ ಕೆಟ್ಟಿತೇ?

ನೀಲಿಗಾಜು
ತಕ್ಕಡಿ ಸರಿಯಾಗಿದೆ, ನಾಣ್ಯ ಬೇರೆ. 2011ರ ಸರಣಿಯ ಐದು ರೂಪಾಯಿ 6 ಗ್ರಾಂ. 2019ರ ಸರಣಿಯದು 6.74. ಹಳೆಯ ದಪ್ಪ ನಾಣ್ಯ 9 ಗ್ರಾಂ. ನಾಣ್ಯದ ಮೇಲಿನ ವರ್ಷ ನೋಡಿಯೇ ಇಡಿ.

ಗಪ್ಪಿಗಳ ಬೀದಿ
ಸೋಡಾ ಬೇಗ ಕರಗಲು ನೀರು ಬಿಸಿ ಮಾಡಬಹುದೇ? ಬಿಸಿ ಮಾಡಿದರೆ ಗಾಳಿ ಹೊರಟು ಕೆಎಚ್ ಇಳಿಯುತ್ತದೆ ಎಂದು ಎಲ್ಲೋ ಕೇಳಿದ್ದೆ.

ಎಲೆಕಷಾಯ
ಹೌದು, ಇಳಿಯುತ್ತದೆ. ಹಬೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೋಗುತ್ತದಲ್ಲ.

ಜಲಪಾಠ
ಇಲ್ಲ, ಇಳಿಯುವುದಿಲ್ಲ. ಇದು ಬಹಳ ಜನ ತಪ್ಪು ತಿಳಿದಿರುವ ಸಂಗತಿ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿದರೂ ನೀರಿನಿಂದ ಹೋದರೂ ಪಿಎಚ್ ಬದಲಾಗುತ್ತದೆ, ಕ್ಷಾರೀಯತೆ ಬದಲಾಗುವುದಿಲ್ಲ. ಬೋರ್‌ವೆಲ್ ನೀರು ಹಿಡಿದ ಕೂಡಲೇ ಪಿಎಚ್ ಅಳೆಯಿರಿ, ಬಕೆಟ್‌ಗೆ ಒಂದು ರಾತ್ರಿ ಏರ್ ಪಂಪ್ ಬಿಟ್ಟು ಮತ್ತೆ ಅಳೆಯಿರಿ. ಪಿಎಚ್ ಏರಿರುತ್ತದೆ, ಕೆಎಚ್ ಇದ್ದಲ್ಲೇ ಇರುತ್ತದೆ. ಅಡುಗೆ ಸೋಡಾದ ನೀರನ್ನು ಕುದಿಸಿದರೂ ಹಾಗೆಯೇ. ಕುದಿಸಿದರೆ ನೀರು ಆವಿಯಾಗಿ ದ್ರಾವಣ ಗಟ್ಟಿಯಾಗುತ್ತದೆ ಎನ್ನುವುದಷ್ಟೇ ಭಯ. ಆದರೆ ಗಡಸು ನೀರನ್ನು ಕುದಿಸಿದರೆ ಅದರ ಬೈಕಾರ್ಬನೇಟ್ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಪಾತ್ರೆಯ ತಳಕ್ಕೆ ಕೂರುತ್ತದೆ. ಬೆಂಗಳೂರಿನವರ ಗೀಸರ್ ಸುರುಳಿಯ ಮೇಲಿನ ಬಿಳಿ ಪದರ ಅದೇ. ಅಲ್ಲಿ ಕೆಎಚ್ ನಿಜಕ್ಕೂ ಇಳಿಯುತ್ತದೆ. ನೀವಿಬ್ಬರೂ ಕೇಳಿದ್ದು ಆ ನೀರಿನ ಬಗ್ಗೆ ಇರಬಹುದು.

ಎಲೆಕಷಾಯ
ತಿದ್ದಿದ್ದಕ್ಕೆ ಧನ್ಯವಾದ. ಗೀಸರ್ ಉದಾಹರಣೆಯಿಂದ ಅರ್ಥವಾಯಿತು.

ಮೂರನೇ ಮಹಡಿ
ನಮ್ಮ ಸಂಘದವರು ಸಂಪ್ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿದ್ದರು. ವರದಿಯಲ್ಲಿ ಕ್ಷಾರೀಯತೆ ಲೀಟರಿಗೆ 232 ಮಿ.ಗ್ರಾಂ ಎಂದಿದೆ. ನನ್ನ ಕಿಟ್ 13 ಎನ್ನುತ್ತದೆ. ಯಾವುದು ತಪ್ಪು?

ಹಳೇ ಬ್ಯುರೆಟ್
ಎರಡೂ ಸರಿ. 1 ಡಿಗ್ರಿ ಎಂದರೆ ಲೀಟರಿಗೆ 17.86 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬನೇಟ್. 232ನ್ನು ಭಾಗಿಸಿ ನೋಡಿ, 13. ಕುಡಿಯುವ ನೀರಿನ ಮಾನಕ ಐಎಸ್ 10500 ಹೇಳುವ 200 ಮಿ.ಗ್ರಾಂ ಸ್ವೀಕಾರ ಮಿತಿಯೂ ಇದೇ ಲೆಕ್ಕದಲ್ಲಿ, ಅಂದರೆ 11.2 ಡಿಗ್ರಿ. ಸಮುದ್ರದ ನೀರಿನ ತೊಟ್ಟಿಯವರು ಮಿಲಿಈಕ್ವಿವಲೆಂಟ್ ಎನ್ನುತ್ತಾರೆ, ಅದನ್ನು 2.8ರಿಂದ ಗುಣಿಸಿದರೆ ಡಿಗ್ರಿ. ನಿಮ್ಮ ವರದಿ ಇತ್ತೀಚಿನದಾಗಿದ್ದರೆ, ಅಂದು ತೆಗೆದ ನೀರೇ ನಿಮ್ಮಲ್ಲಿದ್ದರೆ, ಅದೂ ಒಂದು ಒಳ್ಳೆಯ ತಾಳೆ.

ಕಡಲಕರೆ
ಮಂಗಳೂರಿನಿಂದ. ನನ್ನದು ಹವಳದ ತೊಟ್ಟಿ. ಇಲ್ಲಿ ಅರ್ಧ ಡಿಗ್ರಿಯ ಏರಿಳಿತವನ್ನೂ ದಿನವೂ ಬರೆದಿಡುತ್ತೇವೆ, ಏಕೆಂದರೆ ಹವಳ ಬೆಳೆಯುವಾಗ ಕ್ಷಾರೀಯತೆಯನ್ನು ತಿನ್ನುತ್ತದೆ. ಸಮುದ್ರದ ನೀರು ಸುಮಾರು 7 ಡಿಗ್ರಿ ಎಂದು ನಂಬಿ ಒಮ್ಮೆ ಪಣಂಬೂರಿನ ನೀರಿನಿಂದ ಕಿಟ್ ತಾಳೆ ನೋಡಲು ಹೋಗಿದ್ದೆ. ಅದು ಜುಲೈ. ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಸಿಹಿನೀರು ತಂದು ಸುರಿಯುವ ಕಾಲ. ಉಪ್ಪೇ ಅರ್ಧವಿಲ್ಲ, ಇನ್ನು 7 ಎಲ್ಲಿಂದ ಬರಬೇಕು? ಜಲಪಾಠ ಅವರ ಸೋಡಾ ನೀರೇ ಸರಿ.

ನಾನು ಹನಿ ಎಣಿಸುವುದನ್ನೇ ಬಿಟ್ಟಿದ್ದೇನೆ. ಆಮ್ಲವನ್ನು ಇನ್ಸುಲಿನ್ ಸಿರಿಂಜ್‌ಗೆ ಎಳೆದುಕೊಂಡು ಸೂಜಿ ತೆಗೆದು ಹಾಕುತ್ತೇನೆ. 100 ಗೆರೆಗೆ 1 ಮಿ.ಲೀ. ಒಂದು ಹನಿ ಸುಮಾರು 0.05 ಮಿ.ಲೀ., ಅಂದರೆ ಒಂದು ಹನಿಯನ್ನೇ ಐದು ಭಾಗ ಮಾಡಿ ಓದಿದ ಹಾಗೆ.

ಕಲ್ಲುಸಕ್ಕರೆ
ಎಚ್ಚರ! ನಮ್ಮ ಮಾವನವರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 40 ಗೆರೆಗೆ 1 ಮಿ.ಲೀ., ಕಿತ್ತಳೆ ಮುಚ್ಚಳದಲ್ಲಿ 100 ಗೆರೆಗೆ 1 ಮಿ.ಲೀ. ಔಷಧಿ ಅಂಗಡಿಯಲ್ಲಿ ಎರಡೂ ಸಿಗುತ್ತವೆ. ಕಣ್ಣು ಮುಚ್ಚಿ ತಂದರೆ ಲೆಕ್ಕ ಎರಡೂವರೆ ಪಟ್ಟು ತಪ್ಪುತ್ತದೆ. ಒಮ್ಮೆ ಮೀನಿಗೆ ಬಳಸಿದ್ದನ್ನು ಮನುಷ್ಯರಿಗೆ ಬಳಸುವ ಪೆಟ್ಟಿಗೆಯ ಹತ್ತಿರವೂ ಇಡಬೇಡಿ.

ಕಡಲಕರೆ
ಇದನ್ನು ನಾನು ಹೇಳಲೇಬೇಕಿತ್ತು. ನನ್ನದು ಕಿತ್ತಳೆ.

ತುಂಗೆಯ ದಡ
ಸಿರಿಂಜ್ ಇಲ್ಲದೆಯೂ ಆಗುತ್ತದೆ. ಅಳೆಯುವ ಮೊದಲು ಆಮ್ಲದ ಬಾಟಲಿಯನ್ನು ಜೇಬಿನ ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಳ್ಳಿ, ಬಣ್ಣ ತಿರುಗಿದ ಮೇಲೆ ಮತ್ತೆ ತೂಗಿ. ಇಳಿದ ತೂಕವೇ ಖರ್ಚಾದ ಆಮ್ಲ. ಹನಿ ದಪ್ಪವೋ ಸಣ್ಣದೋ ಎನ್ನುವ ಚಿಂತೆಯೇ ಇಲ್ಲ, ಎಣಿಕೆ ತಪ್ಪುವ ಭಯವೂ ಇಲ್ಲ. 10 ಡಿಗ್ರಿಯ ಸೋಡಾ ನೀರಿಗೆ ಎಷ್ಟು ಗ್ರಾಂ ಹೋಯಿತು, ತೊಟ್ಟಿಯ ನೀರಿಗೆ ಎಷ್ಟು ಗ್ರಾಂ ಹೋಯಿತು, ತ್ರೈರಾಶಿಯಲ್ಲಿ ಉತ್ತರ ಬರುತ್ತದೆ. ನೀರಿನ ಪ್ರಮಾಣ ಎರಡರಲ್ಲೂ ಒಂದೇ ಇರಬೇಕು.

ಹಳೇ ಬ್ಯುರೆಟ್
ಇದು ನನಗೆ ಬಹಳ ಹಿಡಿಸಿತು. ನಮ್ಮ ಪ್ರಯೋಗಾಲಯದಲ್ಲಿ ಇದ್ದುದಕ್ಕಿಂತ ಇದು ಚೊಕ್ಕವಾಗಿದೆ.

ಮೂರನೇ ಮಹಡಿ
ಬಣ್ಣದ ವಿಷಯ ಯಾರೂ ಹೇಳಲಿಲ್ಲ. ಗಿಡದ ತೊಟ್ಟಿಯ ನೇರಳೆ ಛಾಯೆಯ ದೀಪದ ಕೆಳಗೆ ಹಸಿರನ್ನು ಹಳದಿಯಿಂದ ಬೇರೆ ಮಾಡಲು ನನ್ನಿಂದ ಆಗುವುದೇ ಇಲ್ಲ. ಹಗಲಿನಲ್ಲಿ ಕಿಟಕಿಯ ಬಳಿ ನಿಂತು, ಬಿಳಿ ಹಾಳೆ ಹಿಡಿದು, ಒಂಬತ್ತು ವರ್ಷದ ಮಗಳಿಗೆ ತೋರಿಸುತ್ತೇನೆ. "ಅಪ್ಪಾ, ಇನ್ನೂ ಹಸಿರಿದೆ" ಎನ್ನುತ್ತಾಳೆ. ಅವಳು ಹೇಳಿದ್ದೇ ಕೊನೆ. ನನ್ನ ಕಣ್ಣಿಗೆ ಹಸಿರು ಕೆಂಪಿನ ವ್ಯತ್ಯಾಸ ಮೊದಲಿನಿಂದಲೂ ಮಸುಕು.

ಪಾಚಿಗಾರ
ಪ್ರತಿ ಹನಿಯ ನಂತರ ಮುಚ್ಚಿ ಚೆನ್ನಾಗಿ ಅಲುಗಾಡಿಸಿ. ಬೆರಳಿನಿಂದ ಮುಚ್ಚಬೇಡಿ, ಮುಚ್ಚಳ ಹಾಕಿ. ಅಳೆಯುವ ಮೊದಲು ನಳಿಕೆಯನ್ನು ನಲ್ಲಿ ನೀರಿನಲ್ಲಿ ತೊಳೆದು ಹಾಗೇ ಬಳಸಿದರೆ ಗೋಡೆಗೆ ಅಂಟಿದ ನಲ್ಲಿ ನೀರೂ ಅಳತೆಗೆ ಸೇರುತ್ತದೆ. ಅಳೆಯಬೇಕಾದ ನೀರಿನಲ್ಲೇ ಎರಡು ಸಲ ಕುಲುಕಿ ಚೆಲ್ಲಿ.

ಸಿಗಡಿಮನೆ
ಶನಿವಾರ ಭಾನುವಾರ ಎರಡೂ ದಿನ ಇದರಲ್ಲೇ ಕಳೆದೆ. ಬರೆದುಕೊಂಡದ್ದನ್ನು ಇಲ್ಲಿ ಹಾಕುತ್ತೇನೆ.

ಡಿಸ್ಟಿಲ್ಡ್ ವಾಟರ್: ಮೊದಲ ಹನಿಗೇ ಹಳದಿ. 10 ಡಿಗ್ರಿಯ ಸೋಡಾ ನೀರು, 10 ಮಿ.ಲೀ.: 20 ಹನಿ ಬೇಕಿತ್ತು. 18, 18, 18. ಮೇಷ್ಟ್ರು ಹೇಳಿದಂತೆಯೇ ಆಮ್ಲ ಗಟ್ಟಿಯಾಗಿದೆ. 20ನ್ನು 18ರಿಂದ ಭಾಗಿಸಿದರೆ 1.11. ಇನ್ನು ಮುಂದೆ ಬಂದದ್ದನ್ನು 1.11ರಿಂದ ಗುಣಿಸುತ್ತೇನೆ. ತೊಟ್ಟಿಯ ನೀರು, ಬಾಟಲಿ ನೆಟ್ಟಗೆ ಹಿಡಿದು, 10 ಮಿ.ಲೀ.: 8, 8, 8. ಅಂದರೆ 4, ತಿದ್ದಿದರೆ 4.4. ಮೂರು ಸಲ ಒಂದೇ ಸಂಖ್ಯೆ ಬಂದಾಗ ಆದ ಸಮಾಧಾನ ಹೇಳತೀರದು.

ಆದರೆ ಇನ್ನೊಂದು ಸಂಗತಿ ಹೊರಬಿತ್ತು. ನೀರು ಬದಲಿಸಲು ತುಂಬಿಟ್ಟ ಬಕೆಟ್ ಅನ್ನೂ ಅಳೆದೆ. ಶನಿವಾರ ಕಾವೇರಿ ನೀರು ಬಂದಿತ್ತು, ತಿದ್ದಿದ ಮೇಲೆ 5.5. ಭಾನುವಾರ ಕಾವೇರಿ ಇಲ್ಲದೆ ಬೋರ್ ಬಿಟ್ಟರು, 14.4. ಎರಡನ್ನೂ ಎರಡು ಸಲ ಅಳೆದೆ, ಬದಲಾಗಲಿಲ್ಲ. ನಾನು ವಾರಕ್ಕೊಮ್ಮೆ ಅರ್ಧ ತೊಟ್ಟಿ ನೀರು ಬದಲಿಸುತ್ತೇನೆ, ಯಾವ ನೀರು ಬಂತು ಎಂದು ಕೇಳಿದ್ದೇ ಇಲ್ಲ.

ಜಲಪಾಠ
ಹಾಗಾದರೆ ಲೆಕ್ಕ ಹಾಕಿ. 4.4 ಇರುವ ತೊಟ್ಟಿಗೆ ಅರ್ಧದಷ್ಟು 14.4ರ ನೀರು ಸುರಿದರೆ ಒಂದೇ ಗಂಟೆಯಲ್ಲಿ 9.4. ಬೋರ್ ನೀರಿನಲ್ಲಿ ಗಡಸುತನವೂ ಅದೇ ರೀತಿ ಏರಿರುತ್ತದೆ. ಚಿಪ್ಪು ಕಳಚುವ ಸಿಗಡಿಗೆ ಅಂಥ ಜಿಗಿತ ತಡೆಯುವುದು ಕಷ್ಟ. ನಾಲ್ಕು ಸಿಗಡಿ ಸತ್ತ ವಾರ ಯಾವ ನೀರು ಬಂದಿತ್ತು?

ಸಿಗಡಿಮನೆ
ಕಾವಲುಗಾರ ಅಣ್ಣನ ಬಳಿ ಮೋಟಾರಿನ ಪುಸ್ತಕ ಇದೆ, ಈಗಷ್ಟೇ ನೋಡಿ ಬಂದೆ. ಆ ವಾರ ಮೂರು ದಿನ ಬೋರ್ ಮಾತ್ರ.

ತುಂಗೆಯ ದಡ
ತೊಟ್ಟಿಯ ತಳದಲ್ಲಿ ಗಿಡದ ಕಪ್ಪು ಮಣ್ಣು ಇದೆಯೇ? ಅದು ಹೊಸದಾಗಿದ್ದರೆ ಕೆಎಚ್ ಹೀರಿಕೊಳ್ಳುತ್ತದೆ. ಹಾಗಾಗಿ ಏರುವುದು ಒಂದೇ ಗಂಟೆಯಲ್ಲಿ, ಇಳಿಯುವುದು ವಾರ ಪೂರ್ತಿ. ನಿಮ್ಮ ಪಿಎಚ್ ಕುಣಿತಕ್ಕೂ ಅದೇ ಕಾರಣ ಇರಬಹುದು.

ಸಿಗಡಿಮನೆ
ಇದೆ, ಐದು ತಿಂಗಳ ಹಿಂದೆ ಹಾಕಿದ್ದು. ಇನ್ನು ಮೇಲೆ ಕಾವೇರಿ ಬಂದ ದಿನ ಮೂರು ಕ್ಯಾನ್ ತುಂಬಿಟ್ಟುಕೊಂಡು, ವಾರಕ್ಕೆ ಎರಡು ಸಲ ಹತ್ತತ್ತು ಲೀಟರ್ ಮಾತ್ರ ಬದಲಿಸುತ್ತೇನೆ. ತುಂಬುವ ಮೊದಲು ಆ ನೀರನ್ನೂ ಅಳೆಯುತ್ತೇನೆ.

ನೀಲಿಗಾಜು
ಬಾಟಲಿ ಎಸೆಯಿರಿ ಎಂದಿದ್ದೆ, ಆ ಮಾತು ಹಿಂದಕ್ಕೆ. ಆದರೆ ಅದನ್ನು ದೀಪದ ಪಕ್ಕದಿಂದ ಎತ್ತಿ ಕಪಾಟಿನೊಳಗಿಡಿ. ಲೇಬಲ್ ಮೇಲೆ ಇಂದಿನ ದಿನಾಂಕವನ್ನೂ 1.11 ಎಂದೂ ಬರೆಯಿರಿ. ತಿಂಗಳಿಗೊಮ್ಮೆ ಸೋಡಾ ನೀರು ಹೊಸದಾಗಿ ಮಾಡಿ ಮತ್ತೆ ನೋಡಿ, ಆ ಸಂಖ್ಯೆ ಬದಲಾಗುತ್ತದೆ.